ಹಕ್ಕು ತೀರಿದ ಪುಸ್ತಕಗಳು

ಮಳೆಗಾಲದ ಒಂದು ಮಧ್ಯಾಹ್ನ ತುಮಕೂರಿನ ನಮ್ಮ ಕಾಲೇಜಿನಲ್ಲಿ ಪಂಪಭಾರತದ ಪಾಠ ನಡೆದಿತ್ತು. ನಲವತ್ತು ಮಂದಿಯ ತರಗತಿಯಲ್ಲಿ ಪುಸ್ತಕ ತಂದಿದ್ದವರು ಮೂವರು. ಉಳಿದವರ ಮುಂದೆ ನೋಟುಬುಕ್ಕು ಮಾತ್ರ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಮೊಬೈಲನ್ನು ಅಡ್ಡಲಾಗಿ ಹಿಡಿದು ಅದನ್ನೇ ದಿಟ್ಟಿಸುತ್ತಿದ್ದಳು. ಗದರಿಸಬೇಕೆಂದೇ ಬಳಿಗೆ ಹೋದೆ. ಹೋಗಿ ನೋಡಿದರೆ ಅವಳ ಕೈಯಲ್ಲಿದ್ದುದು ಪಂಪಭಾರತವೇ. ಹಳದಿ ಬಣ್ಣಕ್ಕೆ ತಿರುಗಿದ ಹಾಳೆ, ಹಳೆಯ ಕಾಲದ ಅಚ್ಚಿನ ಮೊಳೆ, ಅಂಚಿನಲ್ಲಿ ಯಾವುದೋ ಗ್ರಂಥಾಲಯದ ಮುದ್ರೆ. ನಾನು ಮಾತಾಡುವ ಮೊದಲೇ ಅವಳು ಕೇಳಿದಳು: “ಸಾರ್, ಇಲ್ಲಿ ಸಂಪಾದಕರು ಬೆಳ್ಳಾವೆ ವೆಂಕಟನಾರಣಪ್ಪ ಅಂತಿದೆ. ಈ ಬೆಳ್ಳಾವೆ ಅಂದ್ರೆ ನಮ್ಮ ಬೆಳ್ಳಾವೀನೇನಾ ಸಾರ್?”

ಅವಳು ದಿನವೂ ಬೆಳ್ಳಾವಿಯಿಂದ ಬಸ್ಸಿನಲ್ಲಿ ಬರುವವಳು. ಹೌದಮ್ಮ, ನಿಮ್ಮ ಊರೇ ಎಂದೆ. ಅವಳ ಮುಖದಲ್ಲಿ ಮೂಡಿದ ಸಂತೋಷವನ್ನು ಕಂಡು ನನಗೆ ನಾಚಿಕೆಯಾಯಿತು. ಹತ್ತೊಂಬತ್ತು ವರ್ಷ ತನ್ನ ಊರಿನಲ್ಲಿ ಬೆಳೆದ ಹುಡುಗಿಗೆ ಆ ಊರಿನ ದೊಡ್ಡ ವಿದ್ವಾಂಸರ ಹೆಸರನ್ನು ಹೇಳಿದ್ದು ಶಾಲೆಯಲ್ಲ, ಮೇಷ್ಟರಲ್ಲ. ಯಾರೋ ಎಲ್ಲಿಯೋ ಕುಳಿತು ಪುಟಪುಟವಾಗಿ ಚಿತ್ರ ತೆಗೆದು ಅಂತರಜಾಲದಲ್ಲಿ ಇರಿಸಿದ ಒಂದು ಬಿಟ್ಟಿ ಪುಸ್ತಕ. ಅಂದಿನಿಂದ ಈ ಬಿಟ್ಟಿ ಪುಸ್ತಕಗಳ ಚರಿತ್ರೆಯನ್ನು ತಿಳಿಯಬೇಕೆಂಬ ಕುತೂಹಲ ಹತ್ತಿತು. ತಿಳಿದಷ್ಟನ್ನು ವಾಚಕರ ಮುಂದಿಡುತ್ತಿದ್ದೇನೆ.

ಪುಸ್ತಕವನ್ನು ಬೆಲೆಯಿಲ್ಲದೆ ಹಂಚುವುದು ನಮಗೆ ಹೊಸದಲ್ಲ. ಅನ್ನದಾನ, ಔಷಧದಾನ, ಅಭಯದಾನಗಳ ಸಾಲಿನಲ್ಲಿಯೇ ಜೈನರು ಶಾಸ್ತ್ರದಾನವನ್ನೂ ಇಟ್ಟರು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ೧೦೦೦ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿಯನ್ನು ಶಾಲೆಯ ಮಕ್ಕಳೂ ಬಲ್ಲರು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಓಲೆಗರಿ, ಎಷ್ಟು ಕಂಟ, ಎಷ್ಟು ಮಂದಿ ಲಿಪಿಕಾರರ ಎಷ್ಟು ತಿಂಗಳ ದುಡಿಮೆ! ಆ ಪುಸ್ತಕ ಪಡೆದವನಿಗೆ ಬಿಟ್ಟಿ, ಕೊಟ್ಟವಳಿಗೆ ಬಿಟ್ಟಿಯಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯಲ್ಲೆಲ್ಲ ಇದೇ ಮಾತು ಮತ್ತೆ ಮತ್ತೆ ಬರುತ್ತದೆ.

ಓಲೆಗರಿಯಿಂದ ಅಚ್ಚಿಗೆ ನಮ್ಮ ಕಾವ್ಯಗಳು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ ಅವರು ೧೮೪೮ರಿಂದ ೧೮೫೩ರವರೆಗೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಕನ್ನಡದ ಹಳೆಯ ಕೃತಿಗಳನ್ನು ಕಲ್ಲಚ್ಚಿನಲ್ಲಿ ಹೊರತಂದರು. ಅದಕ್ಕೆ ಹಣ ಒದಗಿಸಿದವರು ಕ್ಯಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿ. ಮೈಸೂರಿನಲ್ಲಿ ಬಿ. ಎಲ್. ರೈಸ್ ಅವರು ಶಾಸನಗಳ ಜೊತೆಗೆ ಕಾವ್ಯಗಳನ್ನೂ ಶೋಧಿಸಿ, ೧೮೯೮ರಲ್ಲಿ ಪಂಪಭಾರತವನ್ನು ಮೊದಲ ಬಾರಿಗೆ ಅಚ್ಚಿನಲ್ಲಿ ಕಾಣಿಸಿದರು. ೯೪೧ರ ಸುಮಾರಿನಲ್ಲಿ ಹುಟ್ಟಿದ ಕಾವ್ಯ ಅಚ್ಚಾಗಲು ಒಂಬೈನೂರೈವತ್ತು ವರ್ಷಗಳು ಬೇಕಾದುವು. ಅದೇ ಕಾಲದಲ್ಲಿ ಎಸ್. ಜಿ. ನರಸಿಂಹಾಚಾರ್ಯರೂ ಎಂ. ಎ. ರಾಮಾನುಜಯ್ಯಂಗಾರ್ಯರೂ ೧೮೯೨ರಲ್ಲಿ ಕಾವ್ಯಮಂಜರಿಯನ್ನು ಆರಂಭಿಸಿ ಹಳೆಯ ಕಾವ್ಯಗಳನ್ನು ತಿಂಗಳು ತಿಂಗಳೂ ಓದುಗರ ಕೈಗೆ ಮುಟ್ಟಿಸತೊಡಗಿದರು. ಇವರಾರೂ ಲಾಭಕ್ಕಾಗಿ ದುಡಿದವರಲ್ಲ, ಲಾಭವೂ ಬರಲಿಲ್ಲ.

ಇಲ್ಲಿಗೆ ಬೆಳ್ಳಾವೆಯ ಹೆಸರು ಬರುತ್ತದೆ. ಬಿ. ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಲಿಸುತ್ತಿದ್ದುದು ಕನ್ನಡವನ್ನಲ್ಲ, ಭೌತಶಾಸ್ತ್ರವನ್ನು. ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ಸೇರಿ ೧೯೧೮ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ತೆಗೆದರು. ಕನ್ನಡದಲ್ಲಿ ವಿಜ್ಞಾನವನ್ನು ಹೇಳಬಹುದೇ ಎಂದು ಜನ ಸಂಶಯಪಡುತ್ತಿದ್ದಾಗ, ಹೇಳಿಯೇ ತೋರಿಸಿದರು. ಪತ್ರಿಕೆ ಎರಡು ವರ್ಷ ನಡೆದು ನಿಂತಿತು. ಅವರು ನಿಲ್ಲಲಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಕೆಲಸಕ್ಕೆ ಹೆಗಲು ಕೊಟ್ಟು, ಓಲೆಯ ಪ್ರತಿಗಳನ್ನು ಹೋಲಿಸಿ, ೧೯೩೧ರಲ್ಲಿ ಪರಿಷತ್ತಿನಿಂದ ಪಂಪಭಾರತದ ಪರಿಷ್ಕೃತ ಮುದ್ರಣವನ್ನು ಹೊರಡಿಸಿದರು. ೧೯೩೭ರಲ್ಲಿ ಜಮಖಂಡಿಯಲ್ಲಿ ಕೂಡಿದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ೧೯೩೯ರಲ್ಲಿ ‘ಜೀವವಿಜ್ಞಾನ’ ಎಂಬ ಗ್ರಂಥವನ್ನು ಕೊಟ್ಟರು, ೧೯೪೩ರಲ್ಲಿ ತೀರಿಕೊಂಡರು. ನನ್ನ ವಿದ್ಯಾರ್ಥಿನಿಯ ಮೊಬೈಲಿನಲ್ಲಿದ್ದುದು ಆ ೧೯೩೧ರ ಪುಸ್ತಕ.

ಅದನ್ನು ಅವಳು ಕದ್ದು ಓದುತ್ತಿರಲಿಲ್ಲ, ಹಕ್ಕಿನಿಂದಲೇ ಓದುತ್ತಿದ್ದಳು. ಈ ಹಕ್ಕು ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ಓದುಬಲ್ಲವರಲ್ಲಿಯೂ ಈ ವಿಷಯದಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆ ಉಂಟು. ಅಂತರಜಾಲದಲ್ಲಿ ಸಿಕ್ಕಿದ್ದೆಲ್ಲ ನಮ್ಮದೇ ಎನ್ನುವವರು ಕೆಲವರು. ಬಿಟ್ಟಿ ಸಿಕ್ಕಿದ್ದೆಲ್ಲ ಕಳ್ಳಮಾಲೇ ಎನ್ನುವವರು ಕೆಲವರು. ಎರಡೂ ಸರಿಯಲ್ಲ.

ಗ್ರಂಥಸ್ವಾಮ್ಯವೆಂಬುದು ಜಮೀನಿನ ಒಡೆತನದಂತೆ ವಂಶಪಾರಂಪರ್ಯವಾಗಿ ಕೊನೆಯಿಲ್ಲದೆ ನಡೆಯುವುದಲ್ಲ, ಗೇಣಿಯಂತೆ ಅವಧಿಯುಳ್ಳದ್ದು. ಬ್ರಿಟಿಷರ ೧೯೧೪ರ ಕಾನೂನಿನಲ್ಲಿಯೂ, ಸ್ವತಂತ್ರ ಭಾರತದ ೧೯೫೭ರ ಕಾನೂನಿನಲ್ಲಿಯೂ ಲೇಖಕನ ಜೀವಮಾನ ಮತ್ತು ಅವನು ತೀರಿಕೊಂಡ ಮೇಲೆ ೫೦ ವರ್ಷ ಎಂಬ ಲೆಕ್ಕವಿತ್ತು. ೧೯೪೧ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಹಕ್ಕು ಈ ಲೆಕ್ಕದಂತೆ ೧೯೯೧ರ ಕೊನೆಗೆ ಮುಗಿಯಬೇಕಾಗಿತ್ತು. ಅವರ ಬರಹಗಳು ವಿಶ್ವಭಾರತಿಯ ಕೈತಪ್ಪಿ ಹೋಗುತ್ತವೆಂದು ಕೂಗೆದ್ದಿತು. ಸರ್ಕಾರ ಅವಧಿಯನ್ನು ೬೦ ವರ್ಷಕ್ಕೆ ಏರಿಸಿತು. ೧೯೯೨ರಲ್ಲಿ ಕಾನೂನೇ ತಿದ್ದುಪಡಿಯಾಯಿತು. ಒಬ್ಬ ಕವಿಗಾಗಿ ಮಾಡಿದ ಏರ್ಪಾಡು ದೇಶದ ಎಲ್ಲ ಲೇಖಕರಿಗೂ ಅನ್ವಯಿಸಿತು. ನಮ್ಮ ವೆಂಕಟನಾರಣಪ್ಪನವರ ಬರಹಗಳು ೧೯೯೪ರ ಜನವರಿ ೧ರಂದು ಸಾರ್ವಜನಿಕರ ಸೊತ್ತಾಗಬೇಕಾಗಿದ್ದುವು. ಹತ್ತು ವರ್ಷ ತಡೆದು ೨೦೦೪ರ ಜನವರಿ ೧ರಂದು ಆದುವು.

ಲೇಖಕ ತೀರಿಕೊಂಡ ದಿನದಿಂದಲ್ಲ, ಮುಂದಿನ ವರ್ಷದ ಮೊದಲ ದಿನದಿಂದ ಈ ಅರವತ್ತನ್ನು ಎಣಿಸಬೇಕು. ಬಿ. ಎಂ. ಶ್ರೀಕಂಠಯ್ಯನವರು ತೀರಿಕೊಂಡದ್ದು ೧೯೪೬ರ ಜನವರಿಯಲ್ಲಿ; ಕೈಲಾಸಂ ಅವರು ತೀರಿಕೊಂಡದ್ದು ಅದೇ ವರ್ಷದ ನವೆಂಬರಿನಲ್ಲಿ. ಇಬ್ಬರ ಕೃತಿಗಳೂ ಒಂದೇ ದಿನ, ೨೦೦೭ರ ಜನವರಿ ೧ರಂದು ನಮ್ಮೆಲ್ಲರವಾದುವು. ೧೯೦೧ರಲ್ಲಿ ತೀರಿಕೊಂಡ ಮುದ್ದಣ, ೧೯೧೪ರಲ್ಲಿ ತೀರಿಕೊಂಡ ಬಿ. ವೆಂಕಟಾಚಾರ್ಯರು, ೧೯೩೦ರಲ್ಲಿ ತೀರಿಕೊಂಡ ಎಂ. ಎಸ್. ಪುಟ್ಟಣ್ಣ, ೧೯೩೭ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, ೧೯೪೨ರಲ್ಲಿ ತೀರಿಕೊಂಡ ಗಳಗನಾಥರು, ಇವರೆಲ್ಲ ಎಂದೋ ಬಿಡುಗಡೆ ಹೊಂದಿದವರು. ೧೯೬೩ರಲ್ಲಿ ತೀರಿಕೊಂಡ ಮಂಜೇಶ್ವರ ಗೋವಿಂದ ಪೈಗಳೂ ನಮ್ಮ ತಾಯಂದಿರು ಮುಗಿಬಿದ್ದು ಓದುತ್ತಿದ್ದ ತ್ರಿವೇಣಿಯವರೂ ತಾವು ಬದುಕಿರುವಾಗ ಪ್ರಕಟಿಸಿದ ಕೃತಿಗಳು ೨೦೨೪ರಲ್ಲಿ ಮುಕ್ತವಾದುವು. ಆಲೂರ ವೆಂಕಟರಾಯರ ಕೃತಿಗಳು ೨೦೨೫ರಲ್ಲಿ. ಲೇಖಕನ ಮರಣಾನಂತರ ಮೊದಲು ಪ್ರಕಟವಾದ ಬರಹಕ್ಕೆ ಪ್ರಕಟನೆಯ ವರ್ಷದಿಂದ ಬೇರೆ ಲೆಕ್ಕವುಂಟು. ಇನ್ನು ಬೇಂದ್ರೆಯವರ ಕೃತಿಗಳಿಗಾಗಿ ೨೦೪೨ರವರೆಗೂ, ಮಾಸ್ತಿಯವರ ಕೃತಿಗಳಿಗಾಗಿ ೨೦೪೭ರವರೆಗೂ, ಕುವೆಂಪು ಅವರ ಕೃತಿಗಳಿಗಾಗಿ ೨೦೫೫ರವರೆಗೂ ಕಾಯಬೇಕು. ವೆಂಕಟನಾರಣಪ್ಪನವರ ಗುಣಚಿತ್ರವನ್ನು ಡಿ. ವಿ. ಜಿ.ಯವರು ತಮ್ಮ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಬರೆದಿದ್ದಾರೆ. ಚಿತ್ರಿತರಾದವರ ಬರಹ ಮುಕ್ತವಾಗಿದೆ. ಚಿತ್ರಿಸಿದವರ ಬರಹ ಮುಕ್ತವಾಗುವುದು ೨೦೩೬ಕ್ಕೆ. ಅಲ್ಲಿಯವರೆಗೆ ಅದನ್ನು ಕೊಂಡು ಓದುವುದೇ ಮರ್ಯಾದೆ.

ಕಾಯದೆ ಇದ್ದರೂ ಹಕ್ಕುದಾರರು ತಾವಾಗಿಯೇ ಬಾಗಿಲು ತೆರೆಯಬಹುದು. ನಿರಂಜನರ ಐವತ್ತಕ್ಕೂ ಹೆಚ್ಚು ಕೃತಿಗಳನ್ನು ಅವರ ಮಗಳು ೨೦೧೪ರಲ್ಲಿ ಮುಕ್ತ ಪರವಾನಗಿಯಡಿ ಸಾರ್ವಜನಿಕರಿಗೆ ಒಪ್ಪಿಸಿದರು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯವೂ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹಾಗೆಯೇ ಬಿಟ್ಟುಕೊಟ್ಟಿತು. ಇದು ಇಂದಿನ ಶಾಸ್ತ್ರದಾನ.

ಹಕ್ಕಿನ ಮಾತಾಯಿತು. ಆದರೆ ಕಾನೂನು ಬಾಗಿಲು ತೆರೆದ ಮಾತ್ರಕ್ಕೆ ಪುಸ್ತಕ ತಾನಾಗಿ ನಡೆದು ಬರುವುದಿಲ್ಲ. ಅಮೆರಿಕದಲ್ಲಿ ಮೈಕೆಲ್ ಹಾರ್ಟ್ ಎಂಬ ವಿದ್ಯಾರ್ಥಿ ೧೯೭೧ರ ಜುಲೈ ೪ರಂದು ತನ್ನ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಇಲಿನಾಯ್ ವಿಶ್ವವಿದ್ಯಾನಿಲಯದ ಗಣಕಯಂತ್ರದಲ್ಲಿ ಅಕ್ಷರ ಅಕ್ಷರವಾಗಿ ಕುಟ್ಟಿ ಸೇರಿಸಿದ. ಮುದ್ರಣದ ಮೂಲಪುರುಷನ ಹೆಸರಿನಲ್ಲಿ ಗುಟೆನ್‌ಬರ್ಗ್ ಯೋಜನೆ ಎಂದು ಅದನ್ನು ಕರೆದ. ಇಂದು ಅದರಲ್ಲಿ ೭೦ ಸಾವಿರಕ್ಕೂ ಹೆಚ್ಚು ಪುಸ್ತಕಗಳಿವೆ. ಅವುಗಳಲ್ಲಿ ಬಹುಪಾಲು ಇಂಗ್ಲಿಷಿನವು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬುನಾದಿ ಬಿದ್ದದ್ದು ಬೆಂಗಳೂರಿನಲ್ಲಿಯೇ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎನ್. ಬಾಲಕೃಷ್ಣನ್ ಅವರೂ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ರಾಜ್ ರೆಡ್ಡಿ ಅವರೂ ಕೂಡಿ, ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಅಂತರರಾಷ್ಟ್ರೀಯ ಯೋಜನೆಯ ಅಂಗವಾಗಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾವನ್ನು ಕಟ್ಟಿದರು. ಹಲವು ಊರುಗಳ ಗ್ರಂಥಾಲಯಗಳಲ್ಲಿ ಸ್ಕ್ಯಾನರುಗಳು ಕುಳಿತುವು. ಕೂಲಿಗೆ ಬಂದ ಹುಡುಗರು ಬೆಳಗಿನಿಂದ ಸಂಜೆಯವರೆಗೆ ಪುಟ ತಿರುವಿದರು. ಕನ್ನಡದ ಸಾವಿರಾರು ಪುಸ್ತಕಗಳು ಹೀಗೆ ಚಿತ್ರರೂಪಕ್ಕೆ ಬಂದುವು.

ಅವಸರದ ಕೆಲಸದಲ್ಲಿ ಆಗುವ ತಪ್ಪುಗಳೂ ಆದುವು. ಕೆಲವು ಪುಸ್ತಕಗಳಲ್ಲಿ ಪುಟಗಳೇ ಇಲ್ಲ. ಕೆಲವು ಪುಟಗಳ ಮೇಲೆ ಹೆಬ್ಬೆರಳಿನ ನೆರಳು. ಎಲ್ಲಕ್ಕಿಂತ ದೊಡ್ಡ ತೊಡಕು ಪಟ್ಟಿಯದು. ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕಿವಿಗೆ ಕೇಳಿದಂತೆ ಬರೆದರು. ಬೆಳ್ಳಾವೆಯೋ ಬೆಳ್ಳಾವಿಯೋ, ಒಂದು ಎಲ್ ಬೇಕೋ ಎರಡು ಬೇಕೋ, ವೆಂಕಟನಾರಣಪ್ಪನೋ ವೆಂಕಟನಾರಾಯಣಪ್ಪನೋ, ಯಾವ ರೂಪದಲ್ಲಿ ಹುಡುಕಿದರೆ ಸಿಕ್ಕೀತೆಂದು ಬ್ರಹ್ಮನೂ ಹೇಳಲಾರ. ಕಪಾಟಿನಲ್ಲಿ ತಪ್ಪು ಸ್ಥಳದಲ್ಲಿಟ್ಟ ಪುಸ್ತಕ ಕಳೆದುಹೋದ ಪುಸ್ತಕವೇ ಎಂದು ಗ್ರಂಥಪಾಲಕರು ಹೇಳುವುದುಂಟು. ಇಲ್ಲಿಯೂ ಅದೇ ಆಯಿತು. ಆ ಹೊತ್ತಿನಲ್ಲಿ ಓಂಶಿವಪ್ರಕಾಶ್ ಮತ್ತು ಅವರ ‘ಸಂಚಯ’ದ ಗೆಳೆಯರು ಕನ್ನಡ ಪುಸ್ತಕಗಳ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿಯೇ ಹುಡುಕುವಂತೆ ಮಾಡಿದ್ದು ದೊಡ್ಡ ಉಪಕಾರ.

೨೦೧೭ರ ಸುಮಾರಿಗೆ ಗ್ರಂಥಸ್ವಾಮ್ಯದ ತಕರಾರುಗಳ ನಡುವೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ತಾಣ ಮುಚ್ಚಿತು. ಹಕ್ಕು ತೀರದ ಪುಸ್ತಕಗಳೂ ಅದರಲ್ಲಿ ಸೇರಿಹೋಗಿದ್ದುವು. ಆ ತಕರಾರನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹುಲ್ಲಿನೊಡನೆ ಪೈರಿಗೂ ಕುಡುಗೋಲು ಬಿದ್ದಂತಾಯಿತು. ಅದೃಷ್ಟವಶಾತ್ ಅಮೆರಿಕದ ಕಾರ್ಲ್ ಮಲಮುದ್ ಅವರು ಅಷ್ಟರಲ್ಲಿಯೇ ಆ ಸಂಗ್ರಹದ ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳ ಪ್ರತಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್‌ನೆಟ್ ಆರ್ಕೈವಿಗೆ ಒಯ್ದಿದ್ದರು. ಬೆಂಗಳೂರಿನಲ್ಲಿ ಹುಟ್ಟಿದ ಸಂಗ್ರಹವನ್ನು ಬೆಳ್ಳಾವಿಯ ಹುಡುಗಿ ಇಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ತರಿಸಿಕೊಂಡು ಓದುತ್ತಿದ್ದಾಳೆ. ಓಲೆಗರಿಯ ಕಾಲದಲ್ಲಿ ನಮ್ಮ ಲಿಪಿಕಾರರು ಪ್ರತಿಯಿಂದ ಪ್ರತಿ ಮಾಡಿ ಬೇರೆ ಬೇರೆ ಮಠ ಬಸದಿಗಳಲ್ಲಿ ಇರಿಸುತ್ತಿದ್ದರಲ್ಲ, ಅದರ ಜಾಣತನ ನನಗೆ ಈಗ ಅರ್ಥವಾಗುತ್ತದೆ. ಒಂದೇ ಮನೆಯಲ್ಲಿರುವ ಪುಸ್ತಕ ಎಂದಿಗೂ ಕ್ಷೇಮವಲ್ಲ.

ಚಿತ್ರವಾಗಿ ಸಿಕ್ಕಿದ ಪುಸ್ತಕ ಪೂರ್ತಿ ಸಿಕ್ಕಿದಂತೆಯೂ ಅಲ್ಲ. ಈಗ ಇ-ರೀಡರ್ ಎಂಬ ಯಂತ್ರವುಂಟು. ಅಂಗೈಯಗಲದ ಹಲಗೆ; ಕಣ್ಣಿಗೆ ಹೊಡೆಯದ, ಕಾಗದದಂತೆಯೇ ಕಾಣುವ ಪರದೆ; ಒಂದರಲ್ಲಿ ಸಾವಿರ ಪುಸ್ತಕ ಹಿಡಿಯುತ್ತದೆ. ವಯಸ್ಸಾದವರು ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಂಡು ಓದಬಹುದು. ಆದರೆ ಅದು ಸಾಧ್ಯವಾಗುವುದು ಪುಸ್ತಕ ಅಕ್ಷರರೂಪದಲ್ಲಿದ್ದಾಗ ಮಾತ್ರ. ಚಿತ್ರರೂಪದ ಪುಟವನ್ನು ಆ ಹಲಗೆಯಲ್ಲಿ ತೆರೆದರೆ ಅಕ್ಷರಗಳು ಎಳ್ಳುಕಾಳಿನಷ್ಟಾಗುತ್ತವೆ. ಹಿಗ್ಗಿಸಿದರೆ ಸಾಲಿನ ಅರ್ಧ ಪರದೆಯಿಂದಾಚೆ ಹೋಗುತ್ತದೆ. ನನ್ನ ವಿದ್ಯಾರ್ಥಿನಿ ಮೊಬೈಲನ್ನು ಅಡ್ಡಹಿಡಿದದ್ದು ಈ ಕಾರಣಕ್ಕೇ. ಕಂದಪದ್ಯದ ಒಂದೊಂದು ಸಾಲನ್ನೂ ಎಡದಿಂದ ಬಲಕ್ಕೆ ಬೆರಳಿನಿಂದ ಎಳೆದು ಎಳೆದು ಓದುತ್ತಿದ್ದಳು. ೨೦೧೬ರ ಡಿಸೆಂಬರಿನಲ್ಲಿ ಕಿಂಡಲ್ ಯಂತ್ರಕ್ಕೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಕನ್ನಡ ಆ ಪಂಕ್ತಿಯಲ್ಲಿರಲಿಲ್ಲ. ಎಲೆ ಹಾಕಿದ ಮೇಲೆ ಬಂದ ನೆಂಟನ ಸ್ಥಿತಿ ನಮ್ಮದಾಯಿತು.

ಚಿತ್ರವನ್ನು ಅಕ್ಷರಕ್ಕೆ ತಿರುಗಿಸುವ ಯಂತ್ರಗಳೂ ಬಂದಿವೆ. ವಿಜ್ಞಾನ ಸಂಸ್ಥೆಯಲ್ಲಿಯೇ ಪ್ರೊಫೆಸರ್ ಎ. ಜಿ. ರಾಮಕೃಷ್ಣನ್ ಅವರ ತಂಡ ಕನ್ನಡಕ್ಕೆಂದು ‘ಲಿಪಿ ಜ್ಞಾನಿ’ಯನ್ನು ರೂಪಿಸಿತು. ಹೊಸಗನ್ನಡದ ಶುಭ್ರವಾದ ಪುಟವನ್ನು ಇಂಥ ಯಂತ್ರಗಳು ಚೆನ್ನಾಗಿ ಓದುತ್ತವೆ. ಹಳಗನ್ನಡದ ಹಳೆಯ ಪುಟ ಬಂದರೆ ತಡವರಿಸುತ್ತವೆ. ಅರ್ಕಾವೊತ್ತು, ಮಾಸಿದ ಮೊಳೆ, ಎರಡು ಪುಟ ಹಿಂದಿನಿಂದ ತೂರಿ ಕಾಣುವ ಮಸಿ, ಅದರ ಮೇಲೆ ಱ ಮತ್ತು ೞ. ಈ ೞಕಾರದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಜಗತ್ತಿನ ಲಿಪಿಗಳೆಲ್ಲಕ್ಕೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಈ ಅಕ್ಷರಕ್ಕೆ ಹೆಸರಿಡುವಾಗ, ಇಂಗ್ಲಿಷಿನ ಎಫ್ ಧ್ವನಿಯ ಅಕ್ಷರವೆಂದು ತಪ್ಪಾಗಿ ಹೆಸರಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮ. ಆದುದರಿಂದ ಪಂಪನ ೞಕಾರ ಇಂದಿಗೂ ಅಲ್ಲಿ ಆ ಹೆಸರನ್ನೇ ಹೊತ್ತು ನಿಂತಿದೆ. ಹೆಸರು ಹೇಗಾದರೂ ಇರಲಿ, ಅಕ್ಷರ ಉಳಿದರೆ ಸಾಕು. ಹಳಗನ್ನಡದಲ್ಲಿ ‘ಆಳ್’ ಎಂದರೆ ಆಳುವುದು, ‘ಆೞ್’ ಎಂದರೆ ಮುಳುಗುವುದು. ಯಂತ್ರ ಒಂದನ್ನು ಇನ್ನೊಂದೆಂದು ಓದಿದರೆ ಮುಳುಗುವವನು ರಾಜ್ಯವಾಳುತ್ತಾನೆ. ಆದುದರಿಂದ ಕೊನೆಯಲ್ಲಿ ಕರಡು ತಿದ್ದುವ ಮನುಷ್ಯನೇ ಬೇಕು. ವಿಕಿಸೋರ್ಸಿನಂಥ ತಾಣಗಳಲ್ಲಿ ಪುಟದ ಚಿತ್ರವನ್ನು ಒಂದು ಕಡೆ, ಅಕ್ಷರವನ್ನು ಇನ್ನೊಂದು ಕಡೆ ಇಟ್ಟುಕೊಂಡು ಸಂಬಳವಿಲ್ಲದೆ ತಿದ್ದುವವರು ಇದ್ದಾರೆ. ಆದರೆ ಕೈಗಳು ಕಡಿಮೆ.

ಇಷ್ಟು ಹೊತ್ತು ಹೇಳಿದ್ದು ಬದುಕಿಕೊಂಡ ಪುಸ್ತಕದ ಕಥೆ. ಬದುಕದಿರುವುದರ ಕಥೆಯೂ ಬೆಳ್ಳಾವೆಯ ಹೆಸರಿನಲ್ಲಿಯೇ ಇದೆ.

ಬೆಳ್ಳಾವೆ ನರಹರಿ ಶಾಸ್ತ್ರಿಗಳ ಹೆಸರು ನಾಟಕದ ಹುಚ್ಚಿದ್ದ ಹಿರಿಯರಿಗೆ ಗೊತ್ತು. ೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದಾಗ, ಅದಕ್ಕೆ ‘ಕೃಷ್ಣಲೀಲೆ’ ಮೊದಲಾದ ನಾಟಕಗಳನ್ನೂ ಹಾಡುಗಳನ್ನೂ ಬರೆದುಕೊಟ್ಟವರು ಇವರು. ೧೯೩೪ರ ಮಾರ್ಚಿನಲ್ಲಿ ತೆರೆಗೆ ಬಂದ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು ಮತ್ತು ಹಾಡುಗಳನ್ನು ಬರೆದವರೂ ಇವರೇ. ಕನ್ನಡದ ಬೆಳ್ಳಿತೆರೆ ಮೊದಲು ಆಡಿದ ಮಾತು ಬೆಳ್ಳಾವೆಯ ಹೆಸರು ಹೊತ್ತವರದೆಂದರೆ ನಮ್ಮ ಜಿಲ್ಲೆಗೆ ಹೆಮ್ಮೆಯ ಮಾತಲ್ಲವೇ? ಶಾಸ್ತ್ರಿಗಳು ೧೯೬೧ರಲ್ಲಿ ತೀರಿಕೊಂಡರು. ೨೦೨೨ರ ಜನವರಿ ೧ರಿಂದ ಅವರ ನಾಟಕಗಳು ಎಲ್ಲರ ಸೊತ್ತು. ಚಲನಚಿತ್ರಕ್ಕೂ ಹಕ್ಕಿನ ಅವಧಿಯುಂಟು. ‘ಸತಿ ಸುಲೋಚನ’ದ ಅವಧಿ ಮುಗಿದು ದಶಕಗಳೇ ಕಳೆದಿವೆ. ಯಾರು ಬೇಕಾದರೂ ಅದನ್ನು ತೋರಿಸಬಹುದು, ಹಂಚಬಹುದು. ಆದರೆ ತೋರಿಸುವುದೇನನ್ನು? ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಕಾನೂನು ಬಿಡುಗಡೆಯ ಪತ್ರ ಹಿಡಿದು ಸೆರೆಮನೆಯ ಬಾಗಿಲಿಗೆ ಬಂದಾಗ ಒಳಗೆ ಯಾರೂ ಇರಲಿಲ್ಲ.

ಚಿತ್ರಕ್ಕಿಂತ ನಾಟಕದ ಗತಿ ವಾಸಿಯೇನೋ. ಆದರೆ ಹೆಚ್ಚು ವಾಸಿಯಲ್ಲ. ಕಂಪನಿ ನಾಟಕಗಳ ಹಾಡಿನ ಪುಸ್ತಕಗಳೆಂದರೆ ತೆಳ್ಳನೆಯ ಕಾಗದ, ಬಣ್ಣದ ರಟ್ಟು, ಟಿಕೆಟ್ಟಿನ ಜೊತೆಗೆ ಕೊಳ್ಳುವ ಅಗ್ಗದ ಸರಕು. ವಿದ್ವಾಂಸರು ಅವುಗಳನ್ನು ಸಾಹಿತ್ಯವೆಂದು ಎಣಿಸಲಿಲ್ಲ. ಗ್ರಂಥಾಲಯಗಳು ಬೈಂಡು ಮಾಡಿಸಿ ಇಡಲಿಲ್ಲ. ೧೮೬೭ರ ಮುದ್ರಣ ಕಾನೂನಿನ ಪ್ರಕಾರ ಅಚ್ಚಾದ ಪ್ರತಿಯೊಂದು ಪುಸ್ತಕವನ್ನೂ ಸರ್ಕಾರಕ್ಕೆ ಒಪ್ಪಿಸಬೇಕೆಂಬ ಏರ್ಪಾಡಿತ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸೇರಿದ್ದ ಕನ್ನಡ ಪುಸ್ತಕಗಳಿಗೆ ಎಲ್. ಡಿ. ಬಾರ್ನೆಟ್ ಅವರು ೧೯೧೦ರಲ್ಲಿ ಒಂದು ಪಟ್ಟಿಯನ್ನೇ ಅಚ್ಚುಹಾಕಿಸಿದರು. ನಾವು ಸಂತೆಯಲ್ಲಿ ಕಟ್ಟಿದ ಪೊಟ್ಟಣಗಳಾಗಿ ಕಳೆದುಕೊಂಡ ಎಷ್ಟೋ ಪುಸ್ತಕಗಳಿಗೆ ಅಲ್ಲಿ ನಂಬರು ಬಿದ್ದಿದೆ.

ಇಲ್ಲಿ ನನ್ನ ಮನೆಯ ಒಂದು ಮಾತನ್ನು ಹೇಳಲೇಬೇಕು. ನಮ್ಮ ತಾತ ಗುಬ್ಬಿ ತಾಲ್ಲೂಕಿನ ಹಳ್ಳಿಯವರು. ಅಡಕೆ ತೋಟ, ಇಪ್ಪತ್ತು ತೆಂಗಿನ ಮರ, ಅದರ ಮೇಲೆ ನಾಟಕದ ಹುಚ್ಚು. ಕಂಪನಿ ಎಲ್ಲಿ ಡೇರೆ ಹಾಕಿದರೂ ಗಾಡಿ ಕಟ್ಟಿಸುತ್ತಿದ್ದರಂತೆ. ಹಾಡಿನ ಪುಸ್ತಕಗಳನ್ನೆಲ್ಲ ಒಂದು ಕಬ್ಬಿಣದ ಟ್ರಂಕಿನಲ್ಲಿ ಜೋಡಿಸಿ ಅಟ್ಟದ ಮೇಲೆ ಇರಿಸಿದ್ದರು. ಹದಿನೈದು ವರ್ಷಗಳ ಹಿಂದೆ ಆ ಹಳೆಯ ಮನೆಯನ್ನು ಖಾಲಿ ಮಾಡುವಾಗ ಟ್ರಂಕು ಕೆಳಗಿಳಿಯಿತು. ಮೇಲಿನ ಸಾಲ ಗೆದ್ದಲು ತಿಂದಿತ್ತು. ಕೆಳಗಿನವು ಚೆನ್ನಾಗಿಯೇ ಇದ್ದುವು. ಒಂದೆರಡನ್ನು ತಿರುವಿ ನೋಡಿದೆ. ರಟ್ಟಿನ ಮೇಲೆ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಹೆಸರು ಕಂಡದ್ದು ನೆನಪಿದೆ. ಕನ್ನಡದಲ್ಲಿ ಎಂ. ಎ. ಮಾಡಿದ್ದೆ, ಹಳಗನ್ನಡ ವ್ಯಾಕರಣದ ಮೇಲೆ ಅಭಿಮಾನವಿತ್ತು, ಕಂಪನಿ ನಾಟಕದ ಹಾಡುಗಳ ಮೇಲೆ ಇರಲಿಲ್ಲ. “ಏನೋ ಇವು, ಇಟ್ಕೊಳ್ಳೋಣವೇನೋ?” ಎಂದು ನಮ್ಮ ತಾಯಿ ಕೇಳಿದರು. “ಬಿಡಮ್ಮ, ಹಳೇ ಹಾಡಿನ ಪುಸ್ತಕ” ಎಂದು ನಾನೇ ಹೇಳಿದೆ. ರದ್ದಿಯವನು ತಕ್ಕಡಿ ಹಿಡಿದು ತೂಗಿದ. ಟ್ರಂಕನ್ನು ಮಾತ್ರ ಉಳಿಸಿಕೊಂಡೆವು. ಅದರಲ್ಲಿ ಈಗ ಚಳಿಗಾಲದ ಹೊದಿಕೆಗಳಿವೆ.

ಆ ಹುಡುಗಿ ಬೆಳ್ಳಾವಿಯ ಬಗ್ಗೆ ಕೇಳಿದ ದಿನ ಸಂಜೆ ಕುಳಿತು ಶಾಸ್ತ್ರಿಗಳ ನಾಟಕಗಳಿಗಾಗಿ ಅಂತರಜಾಲದಲ್ಲಿ ತಡಕಾಡಿದೆ. ಬೆಳ್ಳಾವೆ, ಬೆಳ್ಳಾವಿ, ಬೆಲ್ಲಾವೆ ಎಂದು ಎಲ್ಲ ರೂಪದಲ್ಲಿಯೂ ಹುಡುಕಿದೆ. ನಮ್ಮ ಟ್ರಂಕಿನಲ್ಲಿ ಕಂಡಿದ್ದ ರಟ್ಟು ನನ್ನ ಕಣ್ಣಿಗೆ ಬೀಳಲಿಲ್ಲ. ಎಲ್ಲಿಯೋ ಯಾವುದೋ ಗ್ರಂಥಾಲಯದಲ್ಲಿ ಇದ್ದೀತು. ಇರಲಿ ಎಂದು ಹಾರೈಸುತ್ತೇನೆ. ಆದರೆ ಕೈಯಲ್ಲಿದ್ದ ಪ್ರತಿಯನ್ನು ನಾನು ಕಿಲೋ ಲೆಕ್ಕದಲ್ಲಿ ಮಾರಿದೆನೆಂಬುದು ನಿಶ್ಚಯ. ಹಕ್ಕು ತೀರಲು ಇನ್ನು ಹತ್ತು ವರ್ಷವಿತ್ತು. ಪುಸ್ತಕ ಅದಕ್ಕೆ ಮೊದಲೇ ತೀರಿಹೋಯಿತು.

ಬಿಟ್ಟಿ ಪುಸ್ತಕಗಳಿಂದ ಇಂದಿನ ಲೇಖಕರ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಬದುಕಿರುವವರ ಪುಸ್ತಕವನ್ನು ಪಿಡಿಎಫ್ ಮಾಡಿ ವಾಟ್ಸ್ಯಾಪಿನಲ್ಲಿ ಹಂಚುವುದು ಖಂಡಿತವಾಗಿಯೂ ತಪ್ಪು. ವಿದ್ಯಾರ್ಥಿಗಳಿಗೂ ಹಾಗೆಯೇ ಹೇಳುತ್ತೇನೆ. ಹಳೆಯ ಕೃತಿಗೆ ಇಂದಿನ ವಿದ್ವಾಂಸರು ಬರೆದ ಪೀಠಿಕೆ, ಟಿಪ್ಪಣಿ, ಗದ್ಯಾನುವಾದಗಳ ಹಕ್ಕು ಅವರದೇ. ಪಂಪ ಎಲ್ಲರವನಾದರೂ ಪಂಪನಿಗೆ ಬರೆದ ಹೊಸ ವ್ಯಾಖ್ಯಾನ ಎಲ್ಲರದಲ್ಲ. ಆದರೆ ಅವಧಿ ಮುಗಿದ ಪುಸ್ತಕವನ್ನು ಮುಚ್ಚಿಡುವುದರಿಂದ ಯಾವ ಲೇಖಕನ ಒಲೆಯೂ ಉರಿಯುವುದಿಲ್ಲ. ಕುಮಾರವ್ಯಾಸಭಾರತವನ್ನು ಮೈಸೂರು ಸರ್ಕಾರ ೧೯೫೮ರಲ್ಲಿ ಅತಿ ಸುಲಭ ಬೆಲೆಗೆ ಮನೆಮನೆಗೆ ಕೊಟ್ಟಾಗ ಕನ್ನಡ ಪುಸ್ತಕದ ವ್ಯಾಪಾರ ಮುಳುಗಲಿಲ್ಲ, ಓದುವವರೇ ಹೆಚ್ಚಿದರು.

‘ಬಿಟ್ಟಿ’ ಎಂಬ ಮಾತಿನ ಮೂಲವನ್ನು ಹೇಳಿ ಮುಗಿಸುತ್ತೇನೆ. ಸಂಸ್ಕೃತದ ‘ವಿಷ್ಟಿ’ ಕನ್ನಡದಲ್ಲಿ ‘ಬಿಟ್ಟಿ’ಯಾಯಿತು. ಹಳೆಯ ಶಾಸನಗಳಲ್ಲಿ ಅದರ ಅರ್ಥ ಬೆಲೆಯಿಲ್ಲದೆ ಸಿಕ್ಕುವ ವಸ್ತುವೆಂದಲ್ಲ. ಕೂಲಿಯಿಲ್ಲದೆ ಮಾಡುವ ದುಡಿಮೆ ಎಂದು. ಬಿಟ್ಟಿ ಪುಸ್ತಕವೆಂದರೆ ಯಾರೋ ಬಿಟ್ಟಿ ದುಡಿದ ಪುಸ್ತಕ. ಅತ್ತಿಮಬ್ಬೆಯ ಲಿಪಿಕಾರರಿಂದ ಹಿಡಿದು, ಭೌತಶಾಸ್ತ್ರ ಕಲಿಸಿ ಬಂದು ರಾತ್ರಿ ಓಲೆಗರಿ ಹೋಲಿಸಿದ ವೆಂಕಟನಾರಣಪ್ಪನವರವರೆಗೆ, ಇಂದು ಸ್ಕ್ಯಾನ್ ಮಾಡಿ ಅಕ್ಷರ ತಿದ್ದುವ ಅನಾಮಿಕರವರೆಗೆ ಇದು ಸತ್ಯ. ಹಿಂದಿನ ಬಿಟ್ಟಿ ಒತ್ತಾಯದ್ದು, ಇವರದು ಪ್ರೀತಿಯದು, ಅಷ್ಟೇ ಅಂತರ.

ಈಚೆಗೆ ಆ ಹುಡುಗಿ ಮತ್ತು ಅವಳ ಇಬ್ಬರು ಗೆಳತಿಯರು ವಾರಕ್ಕೆ ನಾಲ್ಕು ಪುಟದಂತೆ ೧೯೩೧ರ ಪಂಪಭಾರತದ ಅಕ್ಷರಗಳನ್ನು ತಿದ್ದುತ್ತಿದ್ದಾರೆ. ಯಂತ್ರ ‘ಆಳ್’ ಎಂದದ್ದನ್ನು ‘ಆೞ್’ ಮಾಡಬೇಕೇ ಎಂದು ನನ್ನ ಬಳಿ ಬಂದು ಕೇಳುತ್ತಾರೆ. ನಾನು ಪುಟದ ಚಿತ್ರ ನೋಡಿ ಹೇಳುತ್ತೇನೆ. ಪರೀಕ್ಷೆಗೆ ಇದರಿಂದ ಅಂಕವಿಲ್ಲ. ಇನ್ನೊಂದು ಕೆಲಸವನ್ನೂ ಅವರಿಗೆ ಒಪ್ಪಿಸಿದ್ದೇನೆ, ಅದನ್ನೇ ಈ ವಾಚಕರಲ್ಲಿಯೂ ಬೇಡುತ್ತೇನೆ: ಮನೆಯ ಅಟ್ಟದ ಮೇಲೆ ಹಳೆಯ ಟ್ರಂಕಿದ್ದರೆ, ರದ್ದಿಯವನನ್ನು ಕರೆಯುವ ಮುನ್ನ ಒಮ್ಮೆ ತೆರೆದು ಒಳಗಿನ ಪುಸ್ತಕಗಳ ಹೆಸರನ್ನು ಓದಿ. ಕಳೆದ ವಾರ ಆ ಹುಡುಗಿ ಬೆಳ್ಳಾವಿಯಿಂದ ಬರುವಾಗ ಒಂದು ಪ್ಲಾಸ್ಟಿಕ್ ಚೀಲ ತಂದಿದ್ದಳು. “ನಮ್ಮಜ್ಜೀದು ಸಾರ್, ಬರೀ ಹಾಡಿನ ಪುಸ್ತಕ. ಆಗುತ್ತಾ?” ಎಂದಳು. ಮುಖಪುಟ ಹರಿದುಹೋಗಿದೆ, ಕರ್ತೃ ಯಾರೆಂದು ಇನ್ನೂ ತಿಳಿದಿಲ್ಲ. ಆಗುತ್ತದಮ್ಮ ಎಂದೆ.